ತೂಪ್ರೆಯ ನೆಂಟ

ಶ್ರೀನಿವಾಸಪುರದ ಸೀಮೆಗೆಲ್ಲ ವೆಂಕಟರಾಯಪ್ಪನವರ ನಾಲಿಗೆಯ ಮೇಲೆ ನಂಬಿಕೆ. ವಾಟೆ ಮೊಳೆತು ತಾನಾಗಿ ಬೆಳೆದ ಮಾವಿನ ಮರ ಮೊದಲ ಸಲ ಕಾಯಿ ಬಿಟ್ಟರೆ, ಜನ ಅದರ ಹಣ್ಣನ್ನು ತಂದು ಅವರ ಮುಂದಿಡುತ್ತಿದ್ದರು. ಅವರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು, ಒಂದು ಚೂರು ಕಚ್ಚಿ, ಕಣ್ಣು ಮುಚ್ಚಿ, "ಇರ್ಲಿ" ಅಂದರೆ ಮರ ಉಳಿಯಿತು. "ಬೇಡ" ಅಂದರೆ ಕೊಡಲಿ. ನಲವತ್ತು ವರ್ಷದಲ್ಲಿ ಆ ಮಾತು ಒಮ್ಮೆಯೂ ಹಿಂದಕ್ಕೆ ಬಂದದ್ದಿಲ್ಲ. ಅಂಥವರ ಹಿತ್ತಿಲಲ್ಲಿ ಸೊಸೆ ಸುನಂದ ಹೋಗಿ ಹೋಗಿ ಪರ್ಸಿಮನ್ ಎಂಬ ಚಳಿಸೀಮೆಯ ಹಣ್ಣಿನ ಗಿಡ ನೆಟ್ಟಳು ನೋಡಿ!

ಸುನಂದ ಪ್ರೈಮರಿ ಸ್ಕೂಲಿನ ಟೀಚರು. ಒಮ್ಮೆ ಕೂನೂರಿಗೆ ಟೂರ್ ಹೋದಾಗ ರಸ್ತೆ ಬದಿಯ ಗಾಡಿಯವನು ಎಲೆಯಲ್ಲಿ ಬಾಚಿ ಕೊಟ್ಟ ಆ ಹಣ್ಣಿನ ತಿರುಳು ತಿಂದು, ಆ ಸಿಹಿಗೆ ಸೋತು, ಕಸಿ ಸಸಿಯೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಊರಿಗೆ ತಂದಳು. ಗಿಡಕ್ಕೆ ಚಳಿ ಬೇಕು ಅಂದಿದ್ದ ನರ್ಸರಿಯವನು. ನಮ್ಮೂರಲ್ಲಿ ಅದೆಂಥ ಚಳಿ ಅನ್ನಬೇಡಿ, ಧನುರ್ಮಾಸದ ಬೆಳಗಿನಲ್ಲಿ ಬಾವಿಯ ಪಕ್ಕದ ತಗ್ಗಿನಲ್ಲಿ ಒಂದು ಗಳಿಗೆ ನಿಂತು ನೋಡಿ, ಹಲ್ಲು ಕಟಕಟ ಅನ್ನುತ್ತದೆ. ಅಲ್ಲೇ ನೆಟ್ಟಳು.

ಮೊದಲ ಧನುರ್ಮಾಸಕ್ಕೇ ಎಲೆಯೆಲ್ಲ ಕೆಂಪಾಗಿ ಉದುರಿ ಬರೀ ಕಡ್ಡಿ ಉಳಿಯಿತು. ಮಾವು ಬೆಳೆಯುವ ಮನೆ, ಮಾವು ಯಾವತ್ತಾದರೂ ಬೋಳಾಗಿ ನಿಂತದ್ದುಂಟೆ? ಅತ್ತೆ ರಾಮಲಕ್ಷ್ಮಮ್ಮ ನೋಡಿ ಹಣೆ ಬಡಿದುಕೊಂಡರು.

"ಸತ್ತೋಯ್ತು ಕಣೇ. ಕಿತ್ತು ಬಿಸಾಕು, ನುಗ್ಗೆ ಕೊಂಬೆನಾದ್ರೂ ನೆಡೋಣ."

ಸುನಂದ ಉಗುರಿನಿಂದ ತೊಗಟೆ ಕೆರೆದು ಒಳಗಿನ ಹಸಿರು ತೋರಿಸಿದಳು. "ಮಲ್ಗಿದೆ ಅತ್ತೆ, ಸತ್ತಿಲ್ಲ."

ಯುಗಾದಿಗೆ ಗಿಡ ಎದ್ದಿತು. ಆಮೇಲೆ ಆರು ವರ್ಷ ಸುನಂದ ಮಾಡಿದ ಸೇವೆ ಅಷ್ಟಿಷ್ಟಲ್ಲ. ಬುಡಕ್ಕೆ ಹಟ್ಟಿಗೊಬ್ಬರ, ಅದರ ಮೇಲೆ ತರಗೆಲೆ, ಬೇಸಿಗೆಯಲ್ಲಿ ಬಿಸಿಲು ಸುಡದಂತೆ ಕಾಂಡಕ್ಕೆ ಗೋಣಿತಾಟು. ಸ್ಕೂಲಿನಿಂದ ಬಂದವಳು ಮುಖ ತೊಳೆಯುವ ಮೊದಲು ಗಿಡ ನೋಡಬೇಕು. ಆರನೆಯ ವರ್ಷ ಆರೇ ಆರು ಕಾಯಿ ನಿಂತವು. ಮಹಾನವಮಿಯ ಹೊತ್ತಿಗೆ ಒಳ್ಳೇ ಕಿತ್ತಳೆ ಬಣ್ಣ ತಿರುಗಿದವು.

ಮನೆಯ ಪದ್ಧತಿ ಬಿಡುವಂತಿಲ್ಲ. ಮೊದಲ ಹಣ್ಣು ಮಾವನ ಕೈಗೆ ಹೋಯಿತು. ಅವರು ಬೆರಳಿನಿಂದ ಒತ್ತಿ, ಗಟ್ಟಿ ಇದೆ, ಬಣ್ಣ ಇದೆ ಎಂದು ಮೆಚ್ಚಿ, ಕಚ್ಚಿದರು. ಮರುಗಳಿಗೆಯೇ ಮುಖ ಕಿವುಚಿ, ಥೂ ಥೂ ಎಂದು ಅಂಗಳಕ್ಕೆ ಉಗಿದು, ಹಣ್ಣನ್ನೂ ಎಸೆದರು. ಒಗರೆಂದರೆ ಒಗರು! ಎರಡು ಚೊಂಬು ನೀರು ಕುಡಿದರೂ ನಾಲಿಗೆ ತಿರುಗಲಿಲ್ಲ.

"ಬೇಡ," ಎಂದರು ಕೊನೆಗೆ. "ದೀಪಾವಳಿ ಆದ್ಮೇಲೆ ಗಂಗುಲಪ್ಪನ್ನ ಕರೆಸ್ತೀನಿ. ಕಡಿಸಿಬಿಡೋಣಮ್ಮ, ಬೇಜಾರು ಮಾಡ್ಕೋಬೇಡ."

ಗದರಿದ್ದರೆ ಎದುರು ಮಾತಾಡಬಹುದಿತ್ತು. ಇಷ್ಟು ಮೆತ್ತಗೆ ಹೇಳಿದ ಮೇಲೆ ಏನು ಹೇಳುವುದು? ಆರು ವರ್ಷದ ಗಿಡ ಒಂದೇ ಚೂರಿಗೆ ಹೋಯಿತಲ್ಲ ಎಂದು ಸುನಂದ ಬಾವಿಕಟ್ಟೆಯ ಮೇಲೆ ಕೂತು ಅತ್ತಳು.

ಬೇಲಿಯಾಚೆ ಮೇಕೆ ಕಾಯುತ್ತಿದ್ದ ಮುನಿಯಲ್ಲಮ್ಮ ಅದನ್ನೆಲ್ಲ ನೋಡಿದಳು. ಎಪ್ಪತ್ತು ದಾಟಿದ ಮುದುಕಿ, ಗುಡ್ಡದಲ್ಲೇ ಬಾಳು ಸವೆಸಿದವಳು. ಒಳಗೆ ಬಂದು, ವೆಂಕಟರಾಯಪ್ಪ ಎಸೆದಿದ್ದ ಹಣ್ಣನ್ನು ಎತ್ತಿ, ತೊಟ್ಟಿನ ನಾಲ್ಕು ಎಸಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಮ್ಮಾ ತಲ್ಲಿ, ಇದು ನಮ್ ತೂಪ್ರೆ ನೆಂಟ ಕಣಮ್ಮೋ!"

"ಯಾವ ತೂಪ್ರೆ?"

"ಬೀಡಿ ಕಟ್ಟೋ ಎಲೆ ಇಲ್ವಾ, ಆ ಮರ. ಗುಡ್ಡದ ತುಂಬ ಅದೆ. ಅದ್ರ ಹಣ್ಣಿಗೂ ಇದೇ ಟೋಪಿ. ಗಟ್ಟಿ ಇದ್ದಾಗ ತಿಂದ್ರೆ ನಾಲ್ಗೆ ಕಂಬ್ಳಿ ಆಯ್ತದೆ. ಮೆತ್ತಗಾಗಿ ಬಳಬಳ ಅನ್ಬೇಕು. ನೀವು ಮಾವಿನೋರು ಕೊಳೀತು ಅಂತ ಬಿಸಾಡ್ತೀರಲ್ಲ, ಆಗ್ಲೇ ತಿನ್ಬೇಕು. ಕಿತ್ತು ರಾಗಿಯೊಳಗೆ ಹೂತಾಕು, ಟೀಚರಮ್ಮ."

ಸುನಂದ ಮುದುಕಿಯ ಮುಖವನ್ನೇ ನೋಡುತ್ತ ಕೂತಳು. ಆರು ವರ್ಷ ಮೊಬೈಲಿನಲ್ಲಿ ಹುಡುಕಿ ಹುಡುಕಿ ಗಿಡ ಸಾಕಿದವಳು ತಾನು. ಈ ತಾಯಿ ಒಂದು ತೊಟ್ಟು ನೋಡಿ ಕುಲ ಗೋತ್ರ ಎಲ್ಲ ಹೇಳಿಬಿಟ್ಟಳಲ್ಲ! ಉಳಿದ ಐದನ್ನೂ ಕಿತ್ತು ರಾಗಿಯ ಡ್ರಮ್ಮಿನಲ್ಲಿ ಹೂತಿಟ್ಟಳು.

ಆದರೆ ಅತ್ತೆಗೆ ಹೇಳುವುದನ್ನು ಮರೆತಳು. ದೀಪಾವಳಿಯ ಮಾರನೆಯ ದಿನ ಹಿಟ್ಟು ಮಾಡಿಸಲು ಡ್ರಮ್ಮಿಗೆ ಕೈ ಹಾಕಿದ ರಾಮಲಕ್ಷ್ಮಮ್ಮನ ಬೆರಳು ಮೆತ್ತನೆಯ ಹಣ್ಣಿನೊಳಕ್ಕೇ ಇಳಿಯಿತು. "ಇಸ್ಸೀ, ರಾಗಿಯಲ್ಲಿ ಕೊಳೆತ ಹಣ್ಣು ಯಾರೇ ಇಟ್ಟೋರು!" ಎಂದು ಸಿಕ್ಕ ನಾಲ್ಕನ್ನೂ ತಿಪ್ಪೆಗೆ ಎಸೆದರು. ಸುನಂದ ಓಡಿ ಬರುವಷ್ಟರಲ್ಲಿ ಅವುಗಳ ಮೇಲೆ ಕೋಳಿಗಳು ಮುಗಿಬಿದ್ದಿದ್ದವು. ಅವಳು ಮೊಣಕೈವರೆಗೆ ರಾಗಿ ತೋಡಿದಳು. ತಳದಲ್ಲಿ ಐದನೆಯದು ಸಿಕ್ಕಿತು.

ಅಂಗಳದಲ್ಲಿ ಗಂಗುಲಪ್ಪ ಆಗಲೇ ಕೊಡಲಿ ಮಸೆಯುತ್ತಿದ್ದ. ಸುನಂದ ಹಣ್ಣನ್ನು ತಟ್ಟೆಯಲ್ಲಿಟ್ಟು ಮಾವನ ಮುಂದೆ ಹಿಡಿದಳು.

"ಇನ್ನೊಂದ್ಸಲ ನೋಡಿ ಮಾವ."

"ಕೊಳ್ತಿರೋದನ್ನ ತಿನ್ಸ್ತೀಯೇನಮ್ಮ? ನಾನು ಹೇಳಿದ್ದು ಹೇಳಾಯ್ತು."

ಬೇಲಿಯ ಹತ್ತಿರವೇ ಕಾದಿದ್ದ ಮುನಿಯಲ್ಲಮ್ಮ ಸರಸರ ಒಳಗೆ ಬಂದಳು. "ಯಜಮಾನ್ರೇ, ಮೊದ್ಲು ನಾನು ತಿಂತೀನಿ. ನಾನು ಸತ್ರೆ ಮೇಕೆ ನೀವೇ ಕಾಯ್ರಿ." ಹಣ್ಣು ಸೀಳಿ, ಅರ್ಧವನ್ನು ಬೆರಳಿನಿಂದ ಬಾಚಿ ಬಾಯಿಗಿಟ್ಟು, ಕಣ್ಣು ಮುಚ್ಚಿದಳು. ಥೇಟ್ ವೆಂಕಟರಾಯಪ್ಪನವರ ಹಾಗೆಯೇ! ಗಂಗುಲಪ್ಪ ಮಸೆಯುವುದನ್ನು ನಿಲ್ಲಿಸಿ ಕಿಸಕ್ಕನೆ ನಕ್ಕ.

ವೆಂಕಟರಾಯಪ್ಪ ನಗಲಿಲ್ಲ. ಉಳಿದರ್ಧವನ್ನು ತೆಗೆದುಕೊಂಡು ನಾಲಿಗೆಯ ಮೇಲಿಟ್ಟರು. ಬಹಳ ಹೊತ್ತು ನುಂಗಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ರಸವನ್ನೂ ಬೆರಳಿನಿಂದ ಬಳಿದು ನೆಕ್ಕಿದರು.

"ಗಂಗುಲಪ್ಪ, ಹಿತ್ತಲ ಬೇಲೀಲಿ ಜಾಲಿ ಬೆಳೆದದೆ. ಅದನ್ನ ಕಡ್ಕೊಂಡು ಹೋಗಪ್ಪ," ಎಂದು ಎದ್ದು ಒಳಗೆ ಹೋದರು. ಅಷ್ಟೇ ಮಾತು. ಸುನಂದ ಮುದುಕಿಯ ಎರಡೂ ಕೈ ಹಿಡಿದುಕೊಂಡಳು.

ಮರುವರ್ಷ ಮೂವತ್ತು ಹಣ್ಣು ಬಿಟ್ಟವು. ದೀಪಾವಳಿಗೆ ವೆಂಕಟರಾಯಪ್ಪ ತಾವೇ ರಾಗಿ ಡ್ರಮ್ಮಿನಿಂದ ಒಂದನ್ನು ತೆಗೆದು ಜಗಲಿಗೆ ಬಂದರು. ಕುರ್ಚಿಯಲ್ಲಿ ಕೂರಲಿಲ್ಲ. ಬೇಲಿಯ ಕಡೆ ತಿರುಗಿ, "ಮುನಿಯಲ್ಲಮ್ಮಾ, ಬಾರಮ್ಮ ಇಲ್ಲಿ," ಎಂದು ಕೂಗಿ, ಹೆಗಲ ಮೇಲಿನ ಟವೆಲಿನಿಂದ ಕುರ್ಚಿಯ ಧೂಳು ಹೊಡೆದು, ಮುದುಕಿಯನ್ನು ಅದರಲ್ಲಿ ಕೂರಿಸಿದರು. ಹಣ್ಣನ್ನು ಅವಳ ಕೈಗಿಟ್ಟು ಪಕ್ಕದಲ್ಲಿ ನಿಂತರು.

ಮುನಿಯಲ್ಲಮ್ಮ ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ತಲೆ ಅಲ್ಲಾಡಿಸಿದಳು.

"ಇನ್ನೂ ಎರಡು ದಿನ ಬೇಕು, ಯಜಮಾನ್ರೇ."

"ಆಗ್ಲಿ ಕಣಮ್ಮ," ಎಂದು ವೆಂಕಟರಾಯಪ್ಪ ಹಣ್ಣನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಒಳಗೆ ಹೋಗಿ ಮತ್ತೆ ರಾಗಿಯೊಳಗೆ ಹೂತಿಟ್ಟರು.