ಶನಿವಾರದ ಮೈನಸ್ ಒಂದು

ಮೂರನೇ ಶನಿವಾರವೂ ಫಲಕ ಸುಳ್ಳು ಹೇಳಿದಾಗ ರೋಪೆಗೆ ಖಾತ್ರಿಯಾಯಿತು. ಇದು ಅಹ್ತಿ ಮುದುಕನದೇ ಕೆಲಸ.

ಊರ ಉದ್ಯಾನದ ಸ್ಕೀ ಜಾಡಿಗೆ ಆ ಚಳಿಗಾಲ ರೋಪೆಯೇ ಯಜಮಾನ. ವಯಸ್ಸು ಇಪ್ಪತ್ತೆರಡು, ಹದಿನೈದಕ್ಕೇ ಶಾಲೆ ಬಿಟ್ಟವನು. ಜಾಡು ಕೊರೆಯುವ ಯಂತ್ರ ಏರಿದರೆ ಮಾತ್ರ ಅವನಿಗೆ ಯಾರೂ ಬುದ್ಧಿ ಹೇಳುವಂತಿರಲಿಲ್ಲ: ಆರು ಕಿಲೋಮೀಟರ್ ಉದ್ದಕ್ಕೂ ಜೋಡಿ ಗೆರೆ, ನೂಲು ಹಿಡಿದು ಎಳೆದಂತೆ. ಆಮೇಲೆ ಸ್ಕೀ ಮನೆಯ ಗೋಡೆಯ ಉಷ್ಣಮಾಪಕ ನೋಡಿ, ಚಳಿ ಎಷ್ಟೆಂದು ಸೀಮೆಸುಣ್ಣದಲ್ಲಿ ಫಲಕದ ಮೇಲೆ ಬರೆಯಬೇಕು. ಜನ ಅದನ್ನು ನೋಡಿಯೇ ಸ್ಕೀಗೆ ಮೇಣ ಬಳಿಯುತ್ತಿದ್ದರು. ಚಳಿಗೆ ನೀಲಿ, ಬೆಚ್ಚಗಿದ್ದರೆ ಕೆಂಪು.

ವಾರವೆಲ್ಲ ಎಲ್ಲ ಸರಿ. ಶನಿವಾರ ಮಾತ್ರ ಮೈನಸ್ ಒಂದು ಎಂದು ನಂಬಿ ಜನ ಕೆಂಪು ಬಳಿದರೆ, ಕಾಡಿನೊಳಗಿನ ಮೈನಸ್ ಏಳರ ಹಿಮ ಮೇಣಕ್ಕೆ ಗಪ್ಪನೆ ಅಂಟುತ್ತಿತ್ತು. ಜಾರಬೇಕಾದವರು ಕಾಲಡಿ ಮುದ್ದೆ ಹೊತ್ತು ಕುಂಟುತ್ತ ವಾಪಸು.

"ಏನೋ, ಕಣ್ಣು ಎಲ್ಲಿಟ್ಟಿದ್ದೀಯ? ಕಾಲಿಗೆ ಎರಡು ದಿಂಬು ಕಟ್ಕೊಂಡು ಹೋದ ಹಾಗಾಯ್ತು!" ಎಂದಳು ಸ್ಕೀ ಸಂಘದ ಸಿಸ್ಕೊ. "ಇನ್ನೊಂದು ಸಲ ಹೀಗಾದ್ರೆ ಪುರಸಭೆ ಆಫೀಸಿಗೆ ಬರೀತೀನಿ. ಯಂತ್ರದ ಕೀಲಿಕೈ ಬೇರೆಯವರ ಜೇಬಿಗೆ ಹೋಗತ್ತೆ, ನೋಡ್ತಿರು."

ಯಾರ ಜೇಬಿಗೆ? ರೋಪೆಗೆ ಗೊತ್ತಿತ್ತು. ಇಪ್ಪತ್ತು ವರ್ಷ ಆ ಯಂತ್ರ ಓಡಿಸಿದವನು ಅಹ್ತಿ. ವಯಸ್ಸಾಯಿತೆಂದು ಇಳಿಸಿದ ಮೇಲೆ ಅವನಿಗೆ ಉಳಿದದ್ದು ಶನಿವಾರ ಬೆಳಗ್ಗೆ ಸ್ಕೀ ಮನೆಯ ಸೌನಾಕ್ಕೆ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆಗೆ, ಬೆಂಕಿ ಹಾಕುವ ಕೆಲಸ. ಶನಿವಾರ! ಶರತ್ಕಾಲದಲ್ಲಿ ರೋಪೆ ಪೈನ್ ಮರದಲ್ಲಿದ್ದ ಉಷ್ಣಮಾಪಕವನ್ನು ಕಿತ್ತು, ನೋಡಲು ಸುಲಭವಾಗಲೆಂದು ಗೋಡೆಗೆ ಹೊಡೆದಾಗಲೂ ಮುದುಕ ಗೊಣಗಿದ್ದ: "ಅದು ಮರದಲ್ಲೇ ಇರ್ಲಿ ಬಿಡೋ." ಹೊಟ್ಟೆಯುರಿ, ಮತ್ತೇನು? ಈ ಬೆಳಗ್ಗೆಯಂತೂ ರೋಪೆ ಸೌದೆ ರಾಶಿಯ ಹಿಂದೆ ನಿಂತು ಕಣ್ಣಾರೆ ಕಂಡಿದ್ದ. ಮುದುಕನ ಕೈ ಉಷ್ಣಮಾಪಕದ ಕೆಳಗೆ ಏನೋ ಮಾಡಿ ಹಿಂದೆ ಬಂದಿತ್ತು.

ಎಲ್ಲರೆದುರೇ ಅಹ್ತಿಯನ್ನು ಕೇಳಿದ. "ಅಲ್ಲಿ ಕೈಯಾಡಿಸ್ತಿದ್ದೆಯಲ್ಲ, ಏನು ಮಾಡ್ತಿದ್ದೆ ಹೇಳು!"

"ಸೌನಾಕ್ಕೆ ಗಾಳಿ ಬೇಡ್ವೇನೋ?"

"ಗಾಳಿಯಂತೆ ಗಾಳಿ! ನನ್ನ ಕೆಲಸ ಕಿತ್ಕೊಳ್ಳೋಕೆ ನಿಂತಿದ್ದೀಯ. ಸೌನಾದ ಬೀಗದ ಕೈ ಇಡು ಇಲ್ಲಿ."

ಅಹ್ತಿ ಎಲ್ಲರ ಮುಖ ನೋಡಿದ. ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು ಹೋದ.

ಮುಂದಿನ ಶನಿವಾರ ಸೌನಾ ತಣ್ಣಗಿತ್ತು. ಫಲಕ ಮೈನಸ್ ಎಂಟು ಅಂದಿತು, ಕಾಡೂ ಮೈನಸ್ ಎಂಟು ಅಂದಿತು. ನೀಲಿ ಮೇಣದ ಸ್ಕೀಗಳು ಬೆಣ್ಣೆಯ ಮೇಲೆ ಜಾರಿದಂತೆ ಜಾರಿದವು. "ಕಂಡಿರಾ?" ಎಂದ ರೋಪೆ. ಇನ್ನೇನು ಸಾಕ್ಷಿ ಬೇಕು?

"ಕಂಡ್ವಪ್ಪಾ," ಎಂದಳು ಸಿಸ್ಕೊ. "ಬೆವರಿದ ಮೈ ಹೊತ್ಕೊಂಡು ಮನೆಗೆ ಹೋಗೋದೂ ಕಂಡ್ವಿ. ಮುಂದಿನ ವಾರ ಸೌನಾ ನೀನೇ ಹಚ್ಚು."

ಹಚ್ಚಿದ. ಒಲೆ ಹೊಗೆಯಾಡಿತು, ಗಾಳಿ ಎಳೆಯಲಿಲ್ಲ. ಕೆಮ್ಮುತ್ತ ಹೊರಗೆ ಬಂದು ಒಳಗಿನ ಗಾಳಿ ಹೊರಹೋಗುವ ಗೋಡೆಯ ಕಿಂಡಿಯ ಹಲಗೆ ಸರಿಸಿದ ಮೇಲೆ ಬೆಂಕಿ ಭುಗ್ಗೆಂದಿತು. ಒಂಬತ್ತಕ್ಕೆ ಸೀಮೆಸುಣ್ಣ ಹಿಡಿದು ಬಂದಾಗ ಬೂಟಿನಡಿ ಹಿಮ ಕಿರ್ರೆನ್ನುತ್ತಿತ್ತು. ಹಾಗೆ ಕಿರುಗುಟ್ಟುವುದು ಒಳ್ಳೆಯ ಚಳಿಗೆ ಮಾತ್ರ. ಉಷ್ಣಮಾಪಕದಲ್ಲಿ ಮೈನಸ್ ಒಂದು.

ರೋಪೆ ಮೊದಲು ಸೌದೆ ರಾಶಿಯ ಹಿಂದೆ ಇಣುಕಿದ. ಯಾರೂ ಇರಲಿಲ್ಲ. ಹೆಜ್ಜೆಗಳಿದ್ದವು, ಎಲ್ಲ ಅವನವೇ. ಗ್ಲೌಸ್ ತೆಗೆದು ಉಷ್ಣಮಾಪಕದ ಕೆಳಗೆ ಕೈ ಹಿಡಿದ. ಅವನೇ ತೆರೆದ ಕಿಂಡಿಯಿಂದ ಬಿಸಿಗಾಳಿ ಮೇಲೇರಿ, ಅವನೇ ಹೊಡೆದ ಮೊಳೆಯತ್ತ ಹೋಗುತ್ತಿತ್ತು.

ಕಿಂಡಿ ಮುಚ್ಚಿ, ಮೈನಸ್ ಏಳು ಅಂತ ಗೀಚಿದರೆ ಮುಗಿಯಿತು. ಯಾರಿಗೆ ಗೊತ್ತಾಗುತ್ತದೆ?

"ಎಷ್ಟಪ್ಪಾ ಇವತ್ತು?" ಸಿಸ್ಕೊ ಮೇಣದ ಡಬ್ಬಿ ಹಿಡಿದು ಬಂದಳು.

"ನೀಲಿ ಬಳಿ, ಅಕ್ಕ." ರೋಪೆ ಸೀಮೆಸುಣ್ಣ ಜೇಬಿಗಿಟ್ಟ. "ಮುದುಕ ಏನೂ ಮಾಡಿಲ್ಲ. ಸೌನಾದ ಬಿಸಿ ಇದಕ್ಕೆ ಹೊಡೀತಿದೆ. ಇಲ್ಲಿ ಮೊಳೆ ಹೊಡೆದೋನು ನಾನೇ."

ಸಿಸ್ಕೊ ಕಿಂಡಿಯ ಮುಂದೆ ಕೈ ಹಿಡಿದು ನೋಡಿದಳು. ನಗಲಿಲ್ಲ. "ಇದನ್ನ ನಾನು ಆಫೀಸಿಗೆ ಹೇಳ್ಲೇಬೇಕಾಗತ್ತೆ."

"ಹೇಳು."

ರೋಪೆ ಉಷ್ಣಮಾಪಕ ಕಿತ್ತು ಅಹ್ತಿಯ ಬಾಗಿಲಿಗೆ ಹೋದ. ಬಾಗಿಲು ಒಂದು ಗೇಣು ತೆರೆಯಿತು. ರೋಪೆ ಎಲ್ಲವನ್ನೂ ಹೇಳಿ ಬೀಗದ ಕೈ ಚಾಚಿದ. "ತಪ್ಪು ನಂದು ಅಜ್ಜ. ನೀವು ಬರ್ಬೇಕು."

"ಸೌದೆ ಒಡೆಯೋಕೆ ಯಾರೂ ಸಿಗ್ಲಿಲ್ಲ ಅಂತ ಬಂದೆಯಾ? ಇಲ್ಲ ಇನ್ನೊಂದು ಸಲ ಎಲ್ಲರೆದುರು ನಿಲ್ಲಿಸೋಕಾ?"

"ಇಲ್ಲ ಅಜ್ಜ."

ಮುದುಕ ಬೀಗದ ಕೈ ಮುಟ್ಟಲಿಲ್ಲ. ಒಳಗೆ ಹೋಗಿ ಕೋಟು ತೊಟ್ಟು, ತನ್ನ ಕಿಟಕಿಗೆ ಕಟ್ಟಿದ್ದ ಉಷ್ಣಮಾಪಕ ಬಿಚ್ಚಿಕೊಂಡ. "ಎರಡನ್ನೂ ಆ ಪೈನ್ ಮರಕ್ಕೇ ಕಟ್ಟೋಣ," ಎಂದ. "ಒಂದು ನಿಂದು, ಒಂದು ನಂದು. ನೀನು ಮುಂದೆ ನಡಿ. ನನಗೆ ಕಾಣೋ ಹಾಗೆ."