ಬೀಗದ ಕೈ, ಬೀಗದವನ ಕೈ

ಪಟ್ಟಿಯಲ್ಲಿ ಹತ್ತೊಂಬತ್ತು ಬಾಬತ್ತುಗಳಿದ್ದವು. ಹದಿನೆಂಟು ಸಲೀಸಾಗಿ ಮುಗಿದವು. ಮನೆ ಅವಳಿಗೆ, ಅಂಗಡಿ ಅವನಿಗೆ. ಕಪಾಟು ಅವಳಿಗೆ, ಸ್ಕೂಟರ್ ಅವನಿಗೆ. ಹನ್ನೆರಡು ವರ್ಷ ಒಂದು ದಿಂಬಿಗೂ ಕಿತ್ತಾಡಿದ ಗಂಡ ಹೆಂಡತಿ ಅಂದು ಅಷ್ಟೊಂದು ಸಭ್ಯರಾಗಿದ್ದದ್ದನ್ನು ಕಂಡು ಸಂಧಾನ ಮಾಡಿಸುತ್ತಿದ್ದ ಮೇಡಂಗೇ ಅನುಮಾನ ಬಂದಿರಬೇಕು. ಕನ್ನಡಕದ ಮೇಲಿಂದ ಇಬ್ಬರನ್ನೂ ಒಮ್ಮೆ ನೋಡಿದರು.

ಬೀಗ ರಿಪೇರಿ ಮಾಡುವ ಗಂಡನಿಗೆ ಕಪಾಟೂ ಬೇಕಿರಲಿಲ್ಲ, ಸ್ಕೂಟರೂ ಬೇಕಿರಲಿಲ್ಲ. ಅವನ ಜೀವವೆಲ್ಲ ಇದ್ದದ್ದು ಪಟ್ಟಿಯ ಹಿಂದೆ ಪಿನ್ನು ಚುಚ್ಚಿದ್ದ ಇನ್ನೊಂದು ಹಾಳೆಯಲ್ಲಿ. ಮಗಳು ಶಾಲೆಯ ದಿನಗಳಲ್ಲಿ ತಾಯಿಯ ಬಳಿ, ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ತಂದೆಯ ಬಳಿ. ಅದಕ್ಕೆ ಹೆಂಡತಿಯ ರುಜು ಬೀಳಬೇಕಿತ್ತು. ಎಂಟು ವರ್ಷದ ಮಗಳಿಗೆ ಗಿಲಕಿ ಎಂದು ಹೆಸರಿಟ್ಟವನೇ ಅವನು. ನಿಂತರೆ ಮಾತು, ಕೂತರೆ ಮಾತು. ಮೂರು ತಿಂಗಳಿಂದ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದವನಿಗೆ ಆ ಸದ್ದಿಲ್ಲದೆ ತಲೆ ಕೆಟ್ಟುಹೋಗಿತ್ತು.

ಹತ್ತೊಂಬತ್ತನೆಯದು ಮನೆಯ ಬೀಗದ ಕೈಗಳು. ಅವನು ನಾಲ್ಕನ್ನೂ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

ಹೆಂಡತಿ ಅವನ್ನು ಮುಟ್ಟಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು. “ಬೀಗದ ಕೈ ಕೊಟ್ರಿ, ಸರಿ. ನಿಮ್ಮ ಕೈ ಯಾರಿಗೆ ಕೊಡ್ತೀರಿ?”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮುಖ ಹುಳ್ಳಗಾಯಿತು. ಬೇರೆಯಾದ ಮೇಲೆ ಎರಡು ಸಲ ಅವನು ಹೇಳದೆ ಕೇಳದೆ ಬಾಗಿಲು ತೆಗೆದು ಒಳಗೆ ಹೋಗಿದ್ದ. ಎರಡನೆಯ ಸಲ ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಗಿಲಕಿಯನ್ನು ಕರೆದುಕೊಂಡು ಪೆನ್ಸಿಲ್ ಡಬ್ಬಿ ಕೊಡಿಸಲು ಹೋಗಿದ್ದ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಅವಳು ಒದ್ದೆ ತಲೆಯಲ್ಲಿ, ಬರಿಗಾಲಲ್ಲಿ ಬೀದಿಯ ತುದಿಯಲ್ಲಿ ನಿಂತಿದ್ದಳು. ಇಷ್ಟಕ್ಕೇ ಇಷ್ಟು ರಂಪವೇ ಎಂದು ಅವನು ನಕ್ಕಿದ್ದ.

ಬೇರೆ ಬೀಗ ಹಾಕಿಸಿದರಾಯಿತಲ್ಲ ಎಂದರು ಮೇಡಂ. ಯಾವ ಬೀಗವನ್ನಾದರೂ ಈ ಮನುಷ್ಯ ಎಡಗೈಯಲ್ಲಿ ತೆಗೆಯುತ್ತಾನೆ ಎಂದಳು ಅವಳು. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು.

ಮೇಡಂ ಕಡತ ಮುಚ್ಚಿದರು. “ಬೆಳಿಗ್ಗೆ ನಿಮ್ಮ ಮಗು ಒಂದು ಮಾತು ಹೇಳ್ತು. ದಿನಾ ಮಲಗೋ ಮುಂಚೆ ಬಾಗಿಲ ಹಿಂದೆ ಮೂರು ಸ್ಟೀಲ್ ಲೋಟ ಜೋಡಿಸೋದು ಅವಳ ಕೆಲಸವಂತೆ. ಅಪ್ಪ ಬಂದ್ರೆ ಸದ್ದಾಗಲಿ ಅಂತ.”

ಇವತ್ತು ಸಂಜೆ ನಾಲ್ಕು ಗಂಟೆಯೊಳಗೆ ಇಬ್ಬರೂ ಒಪ್ಪಿ ಬಂದರೆ ಸರಿ, ಇಲ್ಲದಿದ್ದರೆ ಕಡತ ವಾಪಸ್ಸು ನ್ಯಾಯಾಧೀಶರ ಮುಂದೆ ಹೋಗುತ್ತದೆ, ಇನ್ನೆಷ್ಟು ತಿಂಗಳೋ ಗೊತ್ತಿಲ್ಲ ಎಂದರು.

ಅವನು ಅಂಗಡಿಗೆ ಹೋಗಿ ಸುಮ್ಮನೆ ಕುಳಿತ. ಗೋಡೆಯ ತುಂಬ ಬೀಗಗಳು ನೇತಾಡುತ್ತಿದ್ದವು. ಒಂದೊಂದನ್ನೂ ನೋಡಿದ; ಒಂದೊಂದನ್ನೂ ಮನಸ್ಸಿನಲ್ಲೇ ತೆಗೆದ. ಜನ ತನ್ನನ್ನು ಹೊಗಳುವಾಗ ಬೀಗುತ್ತಿದ್ದ ಆಸಾಮಿಗೆ ಮೊದಲ ಸಲ ತನ್ನ ಕೈಗಳ ಮೇಲೇ ಸಿಟ್ಟು ಬಂತು. ಆಗ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಗೇಣುದ್ದದ ಕಬ್ಬಿಣದ ಅಗುಳಿ. ಒಳಗಿನಿಂದ ಎಳೆಯುವಂಥದು. ಹೊರಗೆ ತೂತಿಲ್ಲ, ಆದ್ದರಿಂದ ಕೈಯೂ ಇಲ್ಲ. ಅವನು ಹೆಂಡತಿಗೆ ಫೋನು ಮಾಡಿ, ಬಾಗಿಲಿಗೊಂದು ಕೆಲಸವಿದೆ, ಬರಲೇ ಎಂದು ಕೇಳಿದ. ಏನು ಕೆಲಸ ಎಂದು ಅವಳು ಎರಡು ಸಲ ಕೇಳಿದಳು. ಆಮೇಲೆ, ಬನ್ನಿ ಎಂದಳು.

ಕೆಲಸ ಅರ್ಧ ಗಂಟೆ ಹಿಡಿಯಿತು. ಹೆಂಡತಿ ಕೈಕಟ್ಟಿ ನಿಂತು ಒಂದೊಂದು ತಿರುಪನ್ನೂ ಕಾವಲು ಕಾದಳು. ಗಿಲಕಿ ಮಾತ್ರ ಅದ್ಯಾಕೆ, ಇದ್ಯಾಕೆ ಎಂದು ಅವನ ತಲೆ ತಿಂದಳು. ಅವನಿಗೆ ಆ ಮಾತು ಕೇಳುತ್ತ ಹೊಟ್ಟೆ ತುಂಬಿತು.

“ಬಾಗಿಲಿನ ಬೀಗ ಹಾಕಿ, ಅಗುಳಿ ನೀನೇ ಎಳ್ಕೋ. ನಾನು ಹೊರಗಿಂದ ನೋಡ್ತೀನಿ” ಎಂದು ಹೆಂಡತಿಗೆ ಹೇಳಿ ಅವನು ಹೊಸ್ತಿಲು ದಾಟಿದ.

ಬೀಗವೇನೋ ಕಣ್ಣು ಮುಚ್ಚಿ ಬಿಡುವುದರೊಳಗೆ ತಂತಿಯ ತುಂಡಿಗೆ ಸೋತಿತು. ಬಾಗಿಲು ಅಲುಗಲಿಲ್ಲ.

“ತಳ್ಳಿ” ಎಂದಳು ಒಳಗಿನಿಂದ.

ತಳ್ಳಿದ.

“ಇನ್ನೂ ಜೋರಾಗಿ.”

ಅವನು ಹಿಂದೆ ಸರಿದು ಭುಜ ಕೊಟ್ಟು ನುಗ್ಗಿದ. ಚೌಕಟ್ಟು ಕಿರ್ರೆಂದಿತು, ಭುಜ ಉರಿಯಿತು, ಅಗುಳಿ ಜಪ್ಪಯ್ಯ ಎನ್ನಲಿಲ್ಲ. ಕೆಲಸ ಗಟ್ಟಿಯಾಗಿದೆ ಎಂದು ಅವನಿಗೆ ಹೆಮ್ಮೆಯಾಯಿತು, ಅಳುವೂ ಬಂತು. ಒಳಗೆ ಗಿಲಕಿಯ ಮಾತು ನಿಂತುಹೋಗಿತ್ತು. ತಾನು ಬಾಗಿಲಿಗೆ ಗುದ್ದಿದ ಸದ್ದಿಗೆ ಮಗು ಹೆದರಿದೆ ಎಂದು ಅವನಿಗೆ ಹೊಳೆಯಿತು. ಇನ್ನು ಹೆಂಡತಿಯೇಕೆ ಬಾಗಿಲು ತೆಗೆದಾಳು? ಗಡಿಯಾರ ನೋಡಿದ, ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು. ಕೂಗಬೇಕೆನಿಸಿತು. ಕೂಗದೆ ಕರೆಗಂಟೆ ಒತ್ತಿದ.

“ಯಾರು?” ಗಿಲಕಿಯ ದನಿ ಸಣ್ಣಗಿತ್ತು.

“ಅಪ್ಪ.”

“ಅಮ್ಮಾ, ಅಪ್ಪ ಅಂತೆ. ತೆಗೀಲಾ?”

ಅಂತೆ. ಅವನು ಬಾಗಿಲಿಗೆ ಹಣೆಯಾನಿಸಿ ನಿಂತ. ತೆಗಿ ಎಂದಳು ಹೆಂಡತಿ.

ಅಗುಳಿ ಸರಿಯಿತು. ಗಿಲಕಿ ಬಾಗಿಲ ಮೂಲೆಯಿಂದ ಮೂರು ಲೋಟಗಳನ್ನೂ ಎತ್ತಿಕೊಂಡು, ಇವನ್ನು ಅಡುಗೆಮನೆಗೆ ಇಡಲೇ ಎಂದು ಅಮ್ಮನನ್ನು ಕೇಳಿದಳು.

ಹೆಂಡತಿ ಅಗುಳಿಯನ್ನು ನೋಡಿದಳು, ಅವನನ್ನು ನೋಡಿದಳು. “ಎರಡು ಒಳಗಿಡು. ಒಂದು ಅಲ್ಲೇ ಇರಲಿ.”

ಆಮೇಲೆ ಪೆನ್ನಿದ್ದ ಚೀಲವನ್ನು ಹೆಗಲಿಗೇರಿಸಿಕೊಂಡಳು. “ನಡೀರಿ, ಮೇಡಂ ಕಾಯ್ತಿರ್ತಾರೆ. ಶುಕ್ರವಾರ ಆರು ಗಂಟೆಗೆ ಬನ್ನಿ.”

ಮಗಳು ಒಂಟಿ ಲೋಟವನ್ನು ಬಾಗಿಲ ಹಿಂದೆ ಜೋಪಾನವಾಗಿ ಬೋರಲು ಹಾಕಿದಳು. ಅವನು ಒಳಗೆ ಕಾಲಿಡಲಿಲ್ಲ. ಸಲಕರಣೆಗಳನ್ನು ಜೇಬಿಗೆ ತುರುಕಿಕೊಂಡು, ತಾಯಿ ಮಗಳಿಬ್ಬರೂ ಚಪ್ಪಲಿ ಮೆಟ್ಟಿಕೊಂಡು ಬರುವವರೆಗೆ ಹೊಸ್ತಿಲಾಚೆಯೇ ಕಾದು ನಿಂತ.