ತಂಬೂರಿ ಕೇಳದ ಯಂತ್ರ

ಲಕ್ಷ್ಮೀಬಾಯಿಯವರ ಕಿವಿ ಮಂದವಾಗಿದೆ ಎಂಬುದು ಧಾರವಾಡದ ಅವರ ಓಣಿಗೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು. ಅವರ ಪ್ರಕಾರ ಈಗಿನ ಜನ ಬಾಯಿಬಿಟ್ಟು ಮಾತಾಡುವುದನ್ನೇ ಮರೆತಿದ್ದರು. ಕೊನೆಗೆ ಮಗ ಕೇದಾರ ಹೇಗೋ ಪುಸಲಾಯಿಸಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಕರೆದೊಯ್ದು ಎರಡೂ ಕಿವಿಗೆ ಯಂತ್ರ ಹಾಕಿಸಿದ. ಕೇದಾರ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುವವ. ಯಂತ್ರವೆಂಬುದು ಹೇಗೆ ಮನುಷ್ಯನ ದೇಹದ್ದೇ ಮುಂದುವರಿಕೆ ಎಂದು ಮರಳುವ ದಾರಿಯಲ್ಲಿ ನವನಗರ ದಾಟುವವರೆಗೂ ತಾಯಿಗೆ ವಿವರಿಸಿದ. ಎಷ್ಟೋ ವರ್ಷದ ಮೇಲೆ ಮಗನ ಮಾತು ಪೂರ್ತಿ ಕೇಳಿಸಿತು. ಇವ ಇಷ್ಟು ಮಾತಾಡುತ್ತಾನೆಂಬುದು ಆಕೆಗೆ ನೆನಪೇ ಇರಲಿಲ್ಲ.

ಆ ದಿನ ಮನೆಗೆ ಬಂದ ಮೇಲೆ ಕಿವಿಗೆ ಹಬ್ಬ. ಒಗ್ಗರಣೆಯ ಚಟಪಟ, ಸೊಸೆ ಸುರಭಿ ಫೋನಿನಲ್ಲಿ ನಗುವುದು, ಹಿತ್ತಲಿನ ಗುಬ್ಬಿ, ಎಲ್ಲ ಒಂದೊಂದಾಗಿ ಮರಳಿ ಬಂದವು. ಲಕ್ಷ್ಮೀಬಾಯಿಯವರ ಕಣ್ಣು ತುಂಬಿದವು. ಇಷ್ಟು ದಿನ ಸುಮ್ಮನೆ ಹಟ ಮಾಡಿದೆನಲ್ಲ ಎಂದು ಮರುಗಿದರು. ಸಂಜೆ ಮೊಮ್ಮಗಳು ಚಿನ್ಮಯೀಯ ಪಾಠಕ್ಕೆ ತಂಬೂರಿ ಎತ್ತಿಕೊಂಡರು.

ಆ ಮನೆಯ ಪಾಠಕ್ಕೆ ಅದರದೇ ಶಿಸ್ತು. ಅಡಿಗೆಮನೆಯಲ್ಲಿ ಅಜ್ಜಿಗೆ 'ನೀ' ಅನ್ನುವ ಹುಡುಗಿ ಚಾಪೆಯ ಮೇಲೆ ಕೂತ ಕೂಡಲೇ 'ನೀವು' ಅನ್ನಬೇಕು. ತಂಬೂರಿಯ ಬಿರಡೆ ಮುಟ್ಟಬಾರದು. ಶಿಷ್ಯರು ಮೀಟಬೇಕು, ಹಾಡಬೇಕು. ತಂತಿಯನ್ನು ಶ್ರುತಿಗೂಡಿಸುವುದು ಮಾತ್ರ ಗುರುವಿನ ಕೈ. ಲಕ್ಷ್ಮೀಬಾಯಿ ಕಲಿತದ್ದೂ ಹಾಗೆಯೇ, ಕಲಿಸಿದ್ದೂ ಹಾಗೆಯೇ.

ಅವರು ತಂತಿ ಮೀಟಿದರು. ಬೆರಳು ತಾಗಿದ ಸಪ್ಪಳವೊಂದು ಬಂತು, ಆಮೇಲೆ ನಾದವೇ ಇಲ್ಲ. ಮತ್ತೆ ಮೀಟಿದರೂ ಅಷ್ಟೇ. ತಂತಿಗೆ ಝೇಂಕಾರ ಕೊಡುವ ಜವಾರಿ ಸತ್ತಿತೆಂದುಕೊಂಡು ತಂತಿಯಡಿಯ ದಾರ ಸರಿಸಿದರು, ಬಿರಡೆ ತಿರುವಿದರು, ಇನ್ನಷ್ಟು ತಿರುವಿದರು. ತಂತಿ ಹರಿಯಿತು. ತಂಬೂರಿಯನ್ನು ಕಿಟಕಿಯ ಥಂಡಿಗೆ ಇಟ್ಟವಳು ನೀನೇ ಎಂದು ಹುಡುಗಿಯ ಮೇಲೆ ರೇಗಿದರು. ತನಗೇನೋ ಛಲೋ ಕೇಳಿಸುತ್ತಿತ್ತೆಂದು ಚಿನ್ಮಯೀ ಮೆಲ್ಲಗೆ ಹೇಳಿದಳು. ಹೊಸ ತಂತಿ ಹಾಕಿದರು. ಅದೂ ಮೂಕವಾಗಿತ್ತು.

ಸಿಟ್ಟಿನಿಂದ ಯಂತ್ರ ಕಿತ್ತಿಟ್ಟು ತಂತಿ ಮೀಟಿದರು. ತಂಬೂರಿ ತಕ್ಷಣ ಗುಂಯ್ ಎಂದಿತು.

ಮರುದಿನ ಬೆಳಗ್ಗೆ ವಿದ್ಯಾನಗರಕ್ಕೆ ಓಡಿದರು. ಯಂತ್ರ ಹಾಕಿದ ಫರಾಜ ಕಿವಿಯ ವಿಷಯವನ್ನೇ ಓದಿಕೊಂಡ ತಾಳ್ಮೆಯ ಹುಡುಗ. ದೂರನ್ನೆಲ್ಲ ಕೇಳಿಸಿಕೊಂಡು ಅಂದ, "ಬಾಯಾರ, ಇದಕ್ಕ ಒಂದೇ ಸಮ ಬರೋ ಸಪ್ಪಳ ಅಂದ್ರ ಗದ್ದಲರಿ. ಫ್ಯಾನ್ ಇರಲಿ, ಮಿಕ್ಸರ್ ಇರಲಿ, ತಗ್ಗಿಸಿಬಿಡತೈತಿ. ಮಾತು ಬದಲಾಗ್ಕೋತ ಇರತೈತಿ, ಅದನ್ನ ಎತ್ತಿ ಕೊಡತೈತಿ."

ಲಕ್ಷ್ಮೀಬಾಯಿ ಜೀವನವಿಡೀ ಯಾವ ನಾದವನ್ನು ನೆಚ್ಚಿ ಹಾಡಿದ್ದರೋ ಅದು ಯಂತ್ರದ ಲೆಕ್ಕದಲ್ಲಿ ಗದ್ದಲ. ಫರಾಜ ಸಂಗೀತಕ್ಕೆಂದೇ ಬೇರೆ ಹೊಂದಿಕೆ ಮಾಡಿಕೊಟ್ಟ. ಮನೆಗೆ ಬಂದು ಹಚ್ಚಿ ನೋಡಿದರೆ ತಂಬೂರಿ ಬಂತು ನಿಜ, ಆದರೆ ನಡುಗುತ್ತ, ಬಾಗಿಲ ಹಿಂದಿನಿಂದ ಬಂದಂತೆ. ಅದರ ಬೆನ್ನಿಗೆ ಫ್ಯಾನೂ ಬಂತು, ಪಕ್ಕದ ಮನೆಯ ಮಿಕ್ಸರೂ ಬಂತು.

ಕಷ್ಟವೆಂದರೆ ಕಾಯಲು ದಿನಗಳಿರಲಿಲ್ಲ. ಶನಿವಾರ ಗುರುಪೂರ್ಣಿಮೆ. ಪ್ರತಿವರ್ಷ ಆ ಸಂಜೆ ಮನೆಯಲ್ಲೇ ಸಣ್ಣ ಸಂಗೀತದ ಬೈಠಕ್ ನಡೆಯುತ್ತಿತ್ತು. ಇಷ್ಟು ದಿನ ಹಿಂದೆ ಕೂತು ತಂಬೂರಿ ಮೀಟಿದ ಚಿನ್ಮಯೀ ಈ ಸಲ ಮುಂದೆ ಕೂತು ಹಾಡುವವಳಿದ್ದಳು, ಅಜ್ಜಿ ಹೂಂ ಅಂದರೆ. ಹೂಂ ಅನ್ನಬೇಕಾದರೆ ಹುಡುಗಿಯ ಸುರ ತಂಬೂರಿಯಲ್ಲಿ ಬೆರೆತಿದೆಯೇ ಎಂದು ಕೇಳಬೇಕು. ಯಂತ್ರ ಹಾಕಿದರೆ ಹುಡುಗಿ ಸ್ಪಷ್ಟ, ತಂಬೂರಿಯ ಮೇಲೆ ನಂಬಿಕೆ ಇಲ್ಲ. ತೆಗೆದರೆ ತಂಬೂರಿ ತುಂಬಿಕೊಳ್ಳುತ್ತದೆ, ಹುಡುಗಿ ಎಲ್ಲೋ ದೂರ. ಎರಡೂ ಒಂದೇ ಕಿವಿಯಲ್ಲಿ ಕೂಡುತ್ತಲೇ ಇಲ್ಲ. ಹಾಕಿದರು, ತೆಗೆದರು, ಮತ್ತೆ ಹಾಕಿದರು. ಯಾವ ಕಿವಿ ಖರೇ, ಯಾವುದು ಸುಳ್ಳು ಎಂದು ತಲೆ ಕೆಟ್ಟುಹೋಯಿತು.

ಕೇದಾರನನ್ನು ಕೇಳಿದ್ದು ಅವರ ತಪ್ಪು. ಶುದ್ಧವಾದ ಕೇಳುವಿಕೆ ಎಂಬುದೇ ಇಲ್ಲವೆಂದು ಅವ ಶುರುಮಾಡಿದ. ಕಿವಿಯೂ ಒಂದು ಯಂತ್ರವೇ ಅಂದ. ಮನುಷ್ಯ ಅರಳುವುದೆಂದರೆ ಎಲ್ಲ ಕೇಳುವುದೋ, ಬೇಕಾದ್ದು ಕೇಳುವುದೋ ಎಂಬುದೇ ಮೂಲಪ್ರಶ್ನೆ ಅಂದ.

"ಅದು ಇರ್ಲಿ," ಎಂದರು ತಾಯಿ, "ಶನಿವಾರ ಹುಡುಗಿನ್ನ ಮುಂದ ಕೂಡಸಬೇಕೋ ಬ್ಯಾಡೋ, ಅಷ್ಟು ಹೇಳು."

ತತ್ತ್ವಶಾಸ್ತ್ರ ಅಲ್ಲಿಗೆ ನಿಂತಿತು.

ಶುಕ್ರವಾರ ಸಂಜೆ ಯಂತ್ರ ಹಾಕಿಕೊಂಡೇ ಪಾಠಕ್ಕೆ ಕೂತರು. ತಂಬೂರಿ ಹೇಗಾದರೂ ಇರಲಿ, ಹುಡುಗಿಯ ಕಂಠವನ್ನಾದರೂ ನೆಟ್ಟಗೆ ಕೇಳೋಣವೆಂದು. ಅಲ್ಲಿಯವರೆಗೆ ಶ್ರುತಿಯ ಚಿಂತೆಯಲ್ಲಿ ಕಂಠದ ಗುಣದ ಕಡೆ ಗಮನವೇ ಹೋಗಿರಲಿಲ್ಲ. ಇಷ್ಟು ವರ್ಷ ದುಂಡಗೆ ಕೇಳಿಸುತ್ತಿದ್ದ ದನಿ ಗಡುಸಾಗಿತ್ತು, ಗಂಟಲು ಬಿಗಿದು ನೂಕಿದ ದನಿ. ಯಂತ್ರದ್ದೇ ಕಿತಾಪತಿ ಇರಬೇಕೆಂದು ಹುಡುಗಿಯ ಕುತ್ತಿಗೆ ನೋಡಿದರು. ನರ ಉಬ್ಬಿತ್ತು. ಕಣ್ಣಿಗಂತೂ ಯಂತ್ರ ಹಾಕಿರಲಿಲ್ಲ.

"ಯಾಕ ಹಿಂಗ ಒದರ್ತಿ, ಚಿನ್ನೂ?"

ಹುಡುಗಿ ಚಾಪೆಯ ಅಂಚು ಕೆರೆದಳು.

"ನಿನಗ ಕೇಳ್ಲಿ ಅಂತ," ಅಂದಳು. ಚಾಪೆಯ ಮೇಲೆ 'ನೀ' ಬಂದದ್ದು ಅವಳಿಗೇ ತಿಳಿಯಲಿಲ್ಲ. "ಸಣ್ಣಗ ಹಾಡಿದ್ರ ನಿನ್ನ ಮಾರಿ ಹಂಗ ಇರ್ತಿತ್ತು. ಜೋರ ಹಾಡಿದ್ರ ತಲಿ ಅಲ್ಲಾಡಸ್ತಿದ್ದಿ. ನೀ ತಲಿ ಅಲ್ಲಾಡ್ಸೋ ತನಕಾ ಜೋರ ಮಾಡ್ಕೋತ ಬಂದೆ ಅಜ್ಜಿ."

ಲಕ್ಷ್ಮೀಬಾಯಿಯವರಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ತನ್ನ ಕೆಟ್ಟ ಕಿವಿಯ ಅಳತೆಗೆ ಒಂದು ಎಳೆಯ ಕಂಠವನ್ನು ಹೊಲಿದಿಟ್ಟಿದ್ದರು, ಅದೂ ಪ್ರೀತಿಯಿಂದ. ಅದನ್ನು ತೋರಿಸಿಕೊಟ್ಟದ್ದು ತಂಬೂರಿಯನ್ನು ಗದ್ದಲವೆನ್ನುವ ಈ ಯಂತ್ರ. ಇದಕ್ಕೆ ಕೈ ಮುಗಿಯಬೇಕೋ, ಬಾವಿಗೆ ಎಸೆಯಬೇಕೋ ತಿಳಿಯಲಿಲ್ಲ.

ಕೊನೆಗೆ ತಂಬೂರಿಯನ್ನು ಹುಡುಗಿಯ ಮಡಿಲಿಗೆ ಸರಿಸಿದರು. ನೀನೇ ಶ್ರುತಿಗೂಡಿಸು ಎಂದರು. ಚಿನ್ಮಯೀಯ ಕೈ ಬಿರಡೆಯ ಹತ್ತಿರ ಹೋಗಿ ಹಿಂದೆ ಬಂತು. ಅಜ್ಜಿ ಆ ಕೈ ಹಿಡಿದು ಬಿರಡೆಯ ಮೇಲೆ ಇಟ್ಟರು. ಅವಳು ಬಹಳ ಹೊತ್ತು ತಿರುವಿದಳು, ಮೀಟಿದಳು, ಮತ್ತೆ ತಿರುವಿದಳು. ಆಮೇಲೆ ಮೆಲ್ಲಗೆ, ಬರೀ ತನಗೆ ಕೇಳುವಷ್ಟು, ಷಡ್ಜ ಹಿಡಿದು ರೂಢಿಯಂತೆ ಅಜ್ಜಿಯ ಮುಖ ನೋಡಿದಳು.

ಲಕ್ಷ್ಮೀಬಾಯಿ ತಲೆಯನ್ನು ಅಲ್ಲಾಡಿಸದೆ ಬಿಗಿಯಾಗಿ ಹಿಡಿದುಕೊಂಡರು.

"ನನ್ನ ಮಾರಿ ನೋಡಬ್ಯಾಡ," ಎಂದರು. "ಸುರ ಸೇರ್ತೋ ಇಲ್ಲೋ, ನೀನ ಹೇಳು."

ಹುಡುಗಿ ಕಣ್ಣು ಮುಚ್ಚಿ ಮತ್ತೆ ಹಾಡಿದಳು. ಕುತ್ತಿಗೆಯ ನರ ಇಳಿದಿತ್ತು. ಸುರ ಸೇರಿತೋ ಇಲ್ಲವೋ ಲಕ್ಷ್ಮೀಬಾಯಿಯವರಿಗೆ ಗೊತ್ತಾಗಲಿಲ್ಲ. ಅವರು ಮೊಮ್ಮಗಳ ಮುಖವನ್ನೇ ನೋಡುತ್ತ ಕಾದರು. ಸ್ವಲ್ಪ ಹೊತ್ತಿನ ಮೇಲೆ ಚಿನ್ಮಯೀಯ ತಲೆ ತಾನಾಗಿಯೇ ಅಲ್ಲಾಡಿತು.